ಬದ್ಧತೆಯನ್ನು ಈಡೇರಿಸುವುದೋ, ತೀರಿಸುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ನನಗೊಂದು ಕ್ರಿಯಾಪದ ಬೇಕಾಗಿದೆ. ನಾಮಪದ ಕೈಯಲ್ಲಿದೆ, ಅದು ‘ಬದ್ಧತೆ’. ಅದರ ಜೊತೆಗೆ ಕೂರಿಸುವ ಕ್ರಿಯಾಪದ ಮೂರು ವಾರದಿಂದ ಸಿಕ್ಕಿಲ್ಲ. ಈಗ ನಾಮಪದದ ಮೇಲೆಯೇ ಸಂಶಯ ಬಂದಿದೆ.

ನಾನಿರುವುದು ಕೇರಳದ ಗಡಿಯ ಮಂಜೇಶ್ವರ ತಾಲೂಕಿನ ಒಳನಾಡಿನಲ್ಲಿ. ಶಾಲೆಯಿಂದ ನಿವೃತ್ತನಾದ ಮೇಲೆ ಪಂಚಾಯತಿನ ಮಲಯಾಳ ಕಾಗದಗಳನ್ನು ಕನ್ನಡಕ್ಕೆ ಇಳಿಸಿಕೊಡುವ ಕೆಲಸ, ಯಾರೂ ವಹಿಸದಿದ್ದರೂ, ನನ್ನ ತಲೆಗೆ ಬಂದಿದೆ. ಗಟ್ಟದ ಮೇಲಿನವರು ‘ಪಂಚಾಯಿತಿ’ ಎನ್ನುತ್ತೀರಿ, ನಮ್ಮಲ್ಲಿ ಅದು ಪಂಚಾಯತು, ತಿದ್ದಬೇಡಿ. ಈ ಸಲ ಬಂದದ್ದು ಗ್ರಾಮಸಭೆಯಲ್ಲಿ ಓದಿ ಹೇಳಬೇಕಾದ ನಾಲ್ಕು ಪುಟ. ದೇಶ 2070ಕ್ಕೆ ನಿವ್ವಳ ಶೂನ್ಯ (ಬಿಡುವ ಹೊಗೆ, ಹೀರುವ ಹೊಗೆ ಸರಿಸಮ) ಎಂದು 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಹೇಳಿಬಂದಿದೆ, ಕೇರಳ ಅದಕ್ಕಿಂತ ಮುಂಚೆ 2050ಕ್ಕೇ ಎಂದಿದೆ, ಹಾಗಾದರೆ ಅದರಲ್ಲಿ ನಮ್ಮ ಪಂಚಾಯತಿನ ಪಾಲು ಏನು ಎಂಬುದು ವಿಷಯ. ತಲೆಬರಹ ‘ಕಾಲಾವಸ್ಥಾ ಪ್ರತಿಬದ್ಧತಗಳ್ ನಿರವೇಟ್ಟಲ್’. ಹಿಂದೊಮ್ಮೆ ಯಾರೋ ಇದನ್ನು ಕನ್ನಡಕ್ಕೆ ತಂದಿದ್ದರು. ಆ ಹಾಳೆಯಲ್ಲಿ ‘ಹವಾಮಾನ ಬದ್ಧತೆಗಳ ನೆರವೇರಿಕೆ’ ಎಂದಿದೆ.

ನಿರವೇಟ್ಟು, ನೆರವೇರಿಸು ಎರಡೂ ಅಕ್ಕತಂಗಿಯರೇ ಇರಬೇಕು. ಆದರೆ ತಂಗಿ ಬೇರೆ ಮನೆ ಸೇರಿದ್ದಾಳೆ. ಕನ್ನಡದಲ್ಲಿ ನೆರವೇರುವುದು ಮದುವೆ, ಗೃಹಪ್ರವೇಶ, ಶಂಕುಸ್ಥಾಪನೆ. ಉದ್ಘಾಟನೆಯನ್ನು ಶಾಸಕರು ನೆರವೇರಿಸುತ್ತಾರೆ. ‘ಹವಾಮಾನ ಬದ್ಧತೆಯನ್ನು ನೆರವೇರಿಸಲಾಯಿತು’ ಎಂದು ಓದಿದರೆ ನನಗಂತೂ ಶಾಮಿಯಾನ, ಮೈಕು, ಒಂದು ಸಸಿ, ಅದನ್ನು ಹಿಡಿದ ಎಂಟು ಕೈಗಳು ಕಾಣುತ್ತವೆ. ಜೂನ್ 5ರಂದು ನಾವು ನಿಜಕ್ಕೂ ಮಾಡುವುದು ಅದನ್ನೇ ಆದ್ದರಿಂದ ಅನುವಾದ ತಪ್ಪಲ್ಲ ಎಂದು ನೀವು ಹೇಳಬಹುದು. ಶಾಲೆಯ ಅಂಗಳದ ಮೂಲೆಯಲ್ಲಿ ಒಂದೇ ಗುಂಡಿಗೆ ನಾನೇ ಏಳು ವರ್ಷ ಸಸಿ ನೆಡಿಸಿದ್ದೇನೆ.

ಉಳಿದ ಕ್ರಿಯಾಪದಗಳನ್ನೂ ಹಚ್ಚಿ ನೋಡಿದೆ. ಈಡೇರಿಸುವುದು ಬೇಡಿಕೆಯನ್ನು, ಆಸೆಯನ್ನು, ಭರವಸೆಯನ್ನು. ಪಾಲಿಸುವುದು ನಿಯಮವನ್ನು. ಪೂರೈಸು ಎಂದರೆ ಸಿಮೆಂಟು, ಅಕ್ಕಿ. ‘ಬದ್ಧತೆ’ಯ ಮುಂದೆ ಇವು ಯಾವುವೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಅದರ ಜೊತೆ ಸಲೀಸಾಗಿ ಬರುವುದು ‘ಇದೆ’, ‘ತೋರಿಸಿದರು’, ಪತ್ರಿಕೆಯವರಾದರೆ ‘ಮೆರೆದರು’. ಅಂದರೆ ಬದ್ಧತೆ ಕನ್ನಡದಲ್ಲಿ ಒಂದು ಗುಣ. ಧೈರ್ಯ, ಪ್ರಾಮಾಣಿಕತೆಗಳ ಸಾಲಿನದು. ಗುಣವನ್ನು ಹೊಂದಿರಬಹುದು, ಮೆರೆಯಬಹುದು, ಇಂತಿಷ್ಟು ತಾರೀಖಿನೊಳಗೆ ಮಾಡಿ ಮುಗಿಸಲು ಬರುವುದಿಲ್ಲ.

ಇದಕ್ಕೆ ಕಾರಣ ನನಗೆ ತೋರಿದಂತೆ ಹೀಗಿದೆ. ಬದ್ಧ ಎಂದರೆ ಕಟ್ಟಲ್ಪಟ್ಟದ್ದು. ಕಾಲಬದ್ಧ, ಶಾಸನಬದ್ಧ, ಕ್ರಮಬದ್ಧ ಎಂಬಲ್ಲೆಲ್ಲ ಯಾವುದಕ್ಕೆ ಕಟ್ಟಿದೆ ಎಂಬುದು ಪದದಲ್ಲೇ ಇದೆ. ‘ಕೊಟ್ಟ ಮಾತಿಗೆ ಬದ್ಧ’ ಎಂದಾಗಲೂ ಗೂಟ ಕಾಣುತ್ತದೆ. ‘ತೆ’ ಹಚ್ಚಿ ಬಿಡಿಯಾಗಿ ನಿಲ್ಲಿಸಿದಾಗ ಹಗ್ಗ ಉಳಿಯಿತು, ಗೂಟ ಹೋಯಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಸುಮಾರಿಗೆ ಲೇಖಕನ ಬದ್ಧತೆ, ಸಾಮಾಜಿಕ ಬದ್ಧತೆ ಎಂದು ನಾವೆಲ್ಲ ಚಹಾದಂಗಡಿಗಳಲ್ಲಿ ಗಂಟಲು ಹರಿದುಕೊಂಡೆವು. ಆ ಬದ್ಧತೆ ನಿಲುವಿನದು. ಇಂಗ್ಲಿಷಿನ ಕಮಿಟ್‌ಮೆಂಟ್ ನಿಲುವಿಗೂ ಆಗುತ್ತದೆ, ಬರೆದುಕೊಟ್ಟ ಮಾತಿಗೂ ಆಗುತ್ತದೆ. ನಾವು ಒಂದಕ್ಕೆ ಮಾಡಿಕೊಂಡ ಪದವನ್ನು ಇನ್ನೊಂದಕ್ಕೂ ಎಳೆದಿದ್ದೇವೆ. ಮಲಯಾಳದ ಪ್ರತಿಬದ್ಧತೆಯ ಕತೆಯೂ ಬಹುಶಃ ಇದೇ.

ಇನ್ನೊಂದು ತೊಡಕು ಗಡಿಯವರಿಗೆ ಮಾತ್ರ ಗೊತ್ತಾಗುವಂಥದ್ದು. ಮಲಯಾಳದಲ್ಲಿ ‘ಪದ್ಧತಿ’ ಎಂದರೆ ಯೋಜನೆ. ‘ನಿರ್ವಹಣಂ’ ಎಂದರೆ ಜಾರಿಗೆ ತರುವುದು. ಪಂಚಾಯತಿನಲ್ಲಿ ಯೋಜನೆಯನ್ನು ಜಾರಿ ಮಾಡುವ ಅಧಿಕಾರಿಗೆ ‘ನಿರ್ವಹಣ ಉದ್ಯೋಗಸ್ಥ’ ಎಂದೇ ಹೆಸರು. ಹಳೆಯ ಹಾಳೆಯಲ್ಲಿ ಇವೆರಡನ್ನೂ ಹಾಗೆಯೇ ಎತ್ತಿ ಇಟ್ಟಿದ್ದಾರೆ: ‘ಶಾಲೆಯ ಮಾಡಿಗೆ ಸೌರ ಫಲಕ ಹಾಕುವ ಪದ್ಧತಿಯ ನಿರ್ವಹಣೆ’. ನಮ್ಮ ವಾರ್ಡಿನವರಿಗೆ ಇದು ಅರ್ಥವಾಗುತ್ತದೆ, ಎರಡು ಭಾಷೆಯನ್ನು ಒಟ್ಟಿಗೆ ಓದುವ ಅಭ್ಯಾಸವಿದೆ. ಪುತ್ತೂರಿನಿಂದ ಬಂದಿದ್ದ ಅಳಿಯ ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿಕೊಂಡು ಓದಿ, “ನಿಮ್ಮಲ್ಲಿ ಈ ಪದ್ಧತಿ ಯಾವಾಗಿನಿಂದ ಇದೆ ಮಾವ?” ಎಂದು ಕೇಳಿದ. ಅವನ ತಪ್ಪಿಲ್ಲ. ಹಾಕಬೇಕಾದ ಫಲಕ ಕನ್ನಡಕ್ಕೆ ಬಂದಾಗ ತಲೆತಲಾಂತರದಿಂದ ಹಾಕುತ್ತ ಬಂದ ಫಲಕವಾಗಿದೆ, ಇನ್ನು ಒರೆಸಿ ಇಟ್ಟುಕೊಂಡರೆ ಸಾಕು ಎಂಬಂತಿದೆ. ‘ಪದ್ಧತಿ’ಯನ್ನು ನಾನು ‘ಯೋಜನೆ’ ಮಾಡಿದ್ದೇನೆ, ‘ನಿರ್ವಹಣೆ’ಯನ್ನು ‘ಜಾರಿ’ ಮಾಡಿದ್ದೇನೆ. ಕಾಸರಗೋಡಿನ ಕನ್ನಡದಲ್ಲಿ ಪದ್ಧತಿಗೆ ಈ ಅರ್ಥವೂ ಸಂದಿದೆ, ಅದನ್ನೇಕೆ ಅಳಿಸಬೇಕು ಎನ್ನುವವರಿದ್ದರೆ ಅವರ ಮಾತನ್ನೂ ಕೇಳುತ್ತೇನೆ. ಮನೆಯಲ್ಲಿ ನಾನೂ ಹಾಗೆಯೇ ಹೇಳುವುದು.

ಕರಡನ್ನು ಕಳೆದ ಭಾನುವಾರ ಶಾಲೆಯ ಸಭಾಂಗಣದಲ್ಲಿ ಇಪ್ಪತ್ತು ಮೂವತ್ತು ಜನರ ಎದುರು ಓದಿದೆ. ‘ನಿವ್ವಳ ಶೂನ್ಯ’ ಬಂದ ಕೂಡಲೇ ಹಿಂದಿನ ಬೆಂಚಿನ ಅಡಿಕೆ ಕೃಷಿಕರೊಬ್ಬರು ಎದ್ದರು. “ಮಾಷ್ಟ್ರೇ, ನಿವ್ವಳ ಸೊನ್ನೆ ನಮಗೆ ಹೊಸತಲ್ಲ. ಎರಡು ವರ್ಷದಿಂದ ಕೊಳೆರೋಗ ಬಂದು ತೋಟದ ನಿವ್ವಳ ಸೊನ್ನೆಯೇ.” ಎಲ್ಲರೂ ನಕ್ಕರು. ಆದರೆ ಪದವನ್ನು ವಿವರಿಸಲು ಅವರೇ ದಾರಿ ಮಾಡಿಕೊಟ್ಟ ಹಾಗಾಯಿತು. ಅಡಿಕೆಯ ಚೀಲವನ್ನು ತಕ್ಕಡಿಗಿಟ್ಟು, ಗೋಣಿಯ ತೂಕ ಕಳೆದು ಬರುವುದು ನಿವ್ವಳ. ಹಾಗೆಯೇ ಬಿಟ್ಟ ಹೊಗೆಯಲ್ಲಿ ಮರ, ಮಣ್ಣು ಹೀರಿದ್ದನ್ನು ಕಳೆದಾಗ ಏನೂ ಉಳಿಯಬಾರದು. ಇಷ್ಟು ಹೇಳಿದ ಮೇಲೆ ಬಂದ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಪೈವಳಿಕೆ, ಮೀಂಜ, ಚಿಪ್ಪಾರುಗಳಲ್ಲಿ 250 ಎಕರೆಗೆ ಹರಡಿರುವ 50 ಮೆಗಾವಾಟಿನ ಸೌರ ಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತಲ್ಲ, ಅದರ ಕರೆಂಟು ಊರಿನ ಲೆಕ್ಕಕ್ಕೋ ತಿರುವನಂತಪುರದ ಲೆಕ್ಕಕ್ಕೋ ದಿಲ್ಲಿಯ ಲೆಕ್ಕಕ್ಕೋ? ಮೂವರೂ ಬರೆದುಕೊಂಡರೆ ಒಂದೇ ಚೀಲವನ್ನು ಮೂರು ಸಲ ತೂಗಿದಂತಾಗುವುದಿಲ್ಲವೇ?

ನಿವ್ವಳ ಹೀಗೆ ಬದುಕಿಕೊಂಡಿತು. ಕಾರ್ಬನ್ ನ್ಯೂಟ್ರಲ್ ಎಂಬುದಕ್ಕೆ ಇಟ್ಟಿದ್ದ ‘ಇಂಗಾಲ ತಟಸ್ಥ ಪಂಚಾಯತು’ ಬದುಕಲಿಲ್ಲ. ತಟಸ್ಥ ಎಂದರೆ ದಡದಲ್ಲಿ ನಿಂತವನು. ಪಂಚಾಯತಿನ ಮಾತಿನಲ್ಲಿ ಅವಿಶ್ವಾಸ ಗೊತ್ತುವಳಿಯ ದಿನ ಕೈಯೆತ್ತದೆ ಕುಳಿತವನು. ಶಿರಿಯಾ ಹೊಳೆಯ ದಡದಲ್ಲಿ ಕೈಕಟ್ಟಿ ನಿಂತ ಪಂಚಾಯತು ಎಂಬ ಚಿತ್ರ ಯಾರಿಗೂ ಇಷ್ಟವಾಗಲಿಲ್ಲ. ‘ಇಂಗಾಲ ಸರಿದೂಗಿಸಿದ ಪಂಚಾಯತು’ ಎಂದು ಬದಲಿಸಿದ್ದೇನೆ. ಈ ದಾರಿಯಲ್ಲಿ 2016ರಲ್ಲೇ ಹೊರಟ ವಯನಾಡಿನ ಮೀನಂಗಾಡಿಯ ಹೆಸರು ಮೂಲದಲ್ಲಿದೆ. ಅಲ್ಲಿ ರೈತನು ಮರವನ್ನು ಬ್ಯಾಂಕಿಗೆ ಒತ್ತೆ ಇಟ್ಟರೆ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲ, ಮರ ಕಡಿದರೆ ಸಾಲ ಮರಳಿಸಬೇಕು. ಇದಕ್ಕೆ ‘ಮರ ಅಡಮಾನ’ಕ್ಕಿಂತ ‘ಮರ ಒತ್ತೆ’ ಚೆನ್ನಾಗಿದೆ ಎಂದು ಸಭೆ ಒಪ್ಪಿತು. ಹೊಗೆ ತಗ್ಗಿಸುವುದಕ್ಕೆ (ಇಂಗ್ಲಿಷಿನ ಮಿಟಿಗೇಶನ್) ಬಳಸುವ ಉಪಶಮನ ಎಂಬುದನ್ನು ಕೈಬಿಟ್ಟೆ. ಉಪಶಮನ ಆರೈಕೆ ಎಂದರೆ ಗುಣವಾಗುವ ಆಸೆ ಬಿಟ್ಟವರಿಗೆ ಕೊಡುವಂಥದ್ದು ಎಂದು ಎಲ್ಲರ ಮನಸ್ಸಿಗೂ ಬರುತ್ತದೆ. ಹವಾಮಾನವೋ ವಾಯುಗುಣವೋ ಎಂಬ ಜಗಳ ಈ ಎಳೆಯಲ್ಲಿ ದಯವಿಟ್ಟು ಬೇಡ.

ಮತ್ತೆ ಬದ್ಧತೆಗೆ ಬರುತ್ತೇನೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಕ್ಕನೊಬ್ಬರು, ಹಸಿರು ಕರ್ಮಸೇನೆಯವರು, ಮನೆಮನೆಯಿಂದ ಪ್ಲಾಸ್ಟಿಕ್ ಒಟ್ಟು ಮಾಡುವವರು, ಅಷ್ಟೂ ಹೊತ್ತು ಸುಮ್ಮನೆ ಕೇಳುತ್ತಿದ್ದರು. ಕೊನೆಗೆ ಹೇಳಿದರು: “ಇದು ಹರಕೆಯಲ್ಲವಾ ಮಾಷ್ಟ್ರೇ? ಹೇಳಿಕೊಂಡದ್ದು ಆಗಿದೆ, ಸಲ್ಲಿಸಿದ್ದು ಆಗಿಲ್ಲ.” ತುಳುವಿನವರು ಪರಕೆ ಎಂದರು, ಬ್ಯಾರಿಗಳು ನೇರ್ಚೆ ಎಂದರು, ಎಲ್ಲರಿಗೂ ಒಂದೇ ಕ್ಷಣದಲ್ಲಿ ಹೊಳೆಯಿತು. ಹರಕೆಗೆ ಏನು, ಯಾರಿಗೆ, ಯಾವಾಗ ಎಂಬುದೆಲ್ಲ ಇರುತ್ತದೆ. ತೀರಿಸದಿದ್ದರೆ ಬಾಕಿ ಎನ್ನುತ್ತಾರೆ. ಅಜ್ಜ ಹೊತ್ತ ಹರಕೆ ಮೊಮ್ಮಗನ ಕಾಲಕ್ಕೆ ಜ್ಯೋತಿಷಿಯ ಪ್ರಶ್ನೆಯಲ್ಲಿ ಕಂಡುಬಂದು, ಆಗ ಓಡಾಡಿ ದೈವಕ್ಕೆ ಕೋಲ ಕೊಟ್ಟ ಮನೆಗಳು ನಮ್ಮ ಊರಲ್ಲೇ ಇವೆ. 2070ಕ್ಕೆ ಇದಕ್ಕಿಂತ ಹತ್ತಿರದ ಪದ ಎಲ್ಲಿ ಸಿಕ್ಕೀತು?

ಆದರೂ ಬರೆಯಲು ಕೈ ಬರಲಿಲ್ಲ. ಸರಕಾರಿ ಕಾಗದದಲ್ಲಿ ಹರಕೆ ಎಂದರೆ ನಗುತ್ತಾರೆ ಎಂಬುದು ಸಣ್ಣ ಕಾರಣ. ದೊಡ್ಡದು ಬೇರೆ ಇದೆ: ಹರಕೆ ಷರತ್ತಿನದು. ಮಗುವಿಗೆ ಗುಣವಾದರೆ ತುಲಾಭಾರ, ಕಳೆದ ದನ ಸಿಕ್ಕಿದರೆ ಎಳನೀರು. ಇಲ್ಲಿ ಯಾರೂ ನಮಗೆ ಏನನ್ನೂ ಕೊಡುವುದಾಗಿ ಹೇಳಿಲ್ಲ. ‘ಮುಚ್ಚಳಿಕೆ’ ಎಂದರೆ ಠಾಣೆಯಲ್ಲಿ ಬರೆದುಕೊಟ್ಟು ಬಿಡಿಸಿಕೊಂಡು ಬಂದ ಹಾಗಾಗುತ್ತದೆ. ‘ಶಪಥ’ವೂ ಬೇಡ: ಮಹಾರಾಷ್ಟ್ರದಲ್ಲಿ 2020ರಿಂದ ಸ್ಥಳೀಯ ಸಂಸ್ಥೆಗಳಿಗಾಗಿ ನಡೆಯುತ್ತಿರುವ ‘ಮಾಝೀ ವಸುಂಧರಾ’ ಪರಿಸರ ಅಭಿಯಾನದಲ್ಲಿ ಜನರಿಂದ ‘ಹರಿತ ಶಪಥ’ (ಹರಿತ ಎಂದರೆ ಹಸಿರು) ಮಾಡಿಸುತ್ತಾರೆ, ಮರಾಠಿಗೆ ಅದು ಸರಿ. ಕನ್ನಡದಲ್ಲಿ ಶಪಥ ಎಂದ ಕೂಡಲೇ ಭೀಮ ಗದೆ ಎತ್ತಿಕೊಂಡು ರಂಗಸ್ಥಳಕ್ಕೆ ಬರುತ್ತಾನೆ. ಯಕ್ಷಗಾನದ ನಾಡಿನವರಿಗೆ ಕೇಳಲೇಬೇಡಿ. ‘ಕರ್ತವ್ಯ’ ಎನ್ನಬಹುದಿತ್ತು. ಸ್ಕಾಟ್ಲೆಂಡಿನ 2009ರ ಹವಾಮಾನ ಕಾಯಿದೆ ಸಾರ್ವಜನಿಕ ಸಂಸ್ಥೆಗಳಿಗೆ ಕರ್ತವ್ಯವೆಂದೇ ವಿಧಿಸಿದೆ, 2015ರ ಆದೇಶದ ಪ್ರಕಾರ ಅವು ವರ್ಷವರ್ಷವೂ ವರದಿ ಒಪ್ಪಿಸಬೇಕು. ಅಲ್ಲಿ ಕಾಯಿದೆಯ ಬೆನ್ನಿದೆ, ನಮ್ಮ ನಾಲ್ಕು ಪುಟದಲ್ಲಿರುವುದು ಸಭೆಯ ನಿರ್ಣಯ ಮಾತ್ರ. ಇಲ್ಲದ ಬೆನ್ನನ್ನು ಅನುವಾದಕ ಹಚ್ಚಬಾರದು. ಅಂದಹಾಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರಸಭೆ 2018ರ ನವೆಂಬರಿನಲ್ಲಿ ಘೋಷಿಸಿದ್ದನ್ನು ‘ಹವಾಮಾನ ತುರ್ತು ಪರಿಸ್ಥಿತಿ’ ಎಂದು ಬರೆದರೆ, ನನ್ನ ವಯಸ್ಸಿನವರು 1975ನ್ನು ನೆನೆದು ಮೊದಲು ಬಾಗಿಲು ಹಾಕಿಕೊಳ್ಳುತ್ತೇವೆ.

ಈಗ ನನ್ನ ಮನಸ್ಸು ನಿಂತಿರುವುದು ‘ಹೊಣೆ’ಯಲ್ಲಿ. ಹಳಗನ್ನಡದಲ್ಲಿ ಪೊಣೆ ಎಂದರೆ ಜಾಮೀನು. ಇನ್ನೊಬ್ಬನ ಪರವಾಗಿ ನಾನಿದ್ದೇನೆ ಎಂದು ನಿಲ್ಲುವುದು. ದೇಶ ಗ್ಲಾಸ್ಗೋದಲ್ಲಿ ಆಡಿದ ಮಾತಿಗೆ ಒಂದು ಪಂಚಾಯತು ನಿಲ್ಲುವ ರೀತಿಗೆ ಇದು ಸರಿಹೊಂದುತ್ತದೆ. ತಲೆಬರಹವನ್ನು ಸದ್ಯಕ್ಕೆ ‘ಹವಾಮಾನದ ಹೊಣೆ: ಹೊತ್ತದ್ದೆಷ್ಟು, ತೀರಿಸಿದ್ದೆಷ್ಟು’ ಎಂದು ಬರೆದಿಟ್ಟಿದ್ದೇನೆ. ತೀರಿಸು ಎಂಬುದನ್ನು ಹರಕೆಯಿಂದ, ಸಾಲದಿಂದ ಕಡ ತಂದದ್ದು. ಹೊಣೆಯನ್ನು ಹೊರುತ್ತೇವೆ, ಹೊರಿಸುತ್ತೇವೆ, ಜಾರಿಸಿಕೊಳ್ಳುತ್ತೇವೆ. ತೀರಿಸುತ್ತೇವೆಯೇ? ‘ಹೊಣೆ ತೀರಿಸಿದರು’ ಎಂಬ ಬಳಕೆಯನ್ನು ಶಾಸನದಲ್ಲೋ ಹಳೆಯ ಪತ್ರಗಳಲ್ಲೋ ಅಜ್ಜಿಯ ಬಾಯಲ್ಲೋ ಕಂಡವರು ಕೇಳಿದವರು ಇದ್ದರೆ ತಿಳಿಸಿ. ಅಕ್ಕಲಕೋಟೆ, ಮಡಕಶಿರಾ, ತಾಳವಾಡಿ ಕಡೆಯವರು ನಿಮ್ಮ ಸ್ಥಳೀಯ ಕಚೇರಿಯ ಇಂಥ ಕಾಗದ ಕನ್ನಡದಲ್ಲಿ ಬರುತ್ತದೆಯೋ, ಬಂದರೆ ಈ ಜಾಗದಲ್ಲಿ ಯಾವ ಪದವಿದೆ ಎಂದು ನೋಡಿ ಹೇಳಿ. ಹಾಳೆ ಮುಂದಿನ ಗುರುವಾರ ಅಚ್ಚಿಗೆ ಹೋಗುತ್ತದೆ.