ಹೋಂಸ್ಟೇಗೆ ದಾರಿ ಬರೆಯುವಾಗ 'ದಿ' ಎಲ್ಲಿ ಹಾಕಬೇಕು? (ಪರಿಹಾರ ಸಿಕ್ಕಿದೆ)

ಕಕ್ಕಬ್ಬೆ_ತೋಟ:
ನಮಸ್ಕಾರ. ಕಕ್ಕಬ್ಬೆ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಮನೆ ಹತ್ತಿರ ಬಂದಂತೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಅದಕ್ಕೆ ಬರುವವರಿಗೆ ಮೊದಲೇ ಇಂಗ್ಲಿಷಿನಲ್ಲಿ ದಾರಿ ಬರೆದು ಕಳಿಸುತ್ತೇನೆ. ಬರೆದದ್ದು ಹೀಗಿದೆ:

"ಕ್ರಾಸ್ ದಿ ಬ್ರಿಡ್ಜ್ ಅಂಡ್ ಟರ್ನ್ ಲೆಫ್ಟ್. ಯು ವಿಲ್ ಸೀ ಗೇಟ್."

ದೊಡ್ಡ ರಸ್ತೆ ಬಿಟ್ಟ ಮೇಲೆ ಎರಡು ಕಿರುಸೇತುವೆ ಸಿಗುತ್ತವೆ. ಕಳೆದ ವಾರ ಒಂದು ಕುಟುಂಬ ಮೊದಲನೇ ಸೇತುವೆ ದಾಟಿ ಎಡಕ್ಕೆ ತಿರುಗಿ ಬೇರೆಯವರ ತೋಟಕ್ಕೆ ಹೋಗಿಬಿಟ್ಟರು. ಮಳೆ, ಕತ್ತಲೆ, ಜೊತೆಗೆ ಚಿಕ್ಕ ಮಗು. ನನಗೆ ತುಂಬಾ ಬೇಜಾರಾಯಿತು. ಗ್ರಾಮರ್ ನೋಡುವ ಆ್ಯಪ್‌ಗೆ ಹಾಕಿದರೆ, ಗೇಟ್ ಪದಕ್ಕೆ ಮೊದಲು 'ಎ' ಸೇರಿಸಿ ಅನ್ನುತ್ತದೆ. ಸೇತುವೆಯ 'ದಿ' ಸರಿ ಇದೆಯಂತೆ. ಹಾಗಾದರೆ ತಪ್ಪು ಎಲ್ಲಿದೆ?

ಕುಶಾಲನಗರ_ಓದುಗ:
ಶಾಲೆಯಲ್ಲಿ ಕಲಿತ ನಿಯಮ ನೆನಪಿಸಿಕೊಳ್ಳಿ. ಒಂದು ವಸ್ತು ಮೊದಲ ಸಲ ಬಂದರೆ 'ಎ', ಎರಡನೇ ಸಲ ಬಂದರೆ 'ದಿ'. "ಕ್ರಾಸ್ ಎ ಬ್ರಿಡ್ಜ್" ಅಂತ ಬರೆಯಿರಿ.

ಕಕ್ಕಬ್ಬೆ_ತೋಟ:
ಹಾಗೆ ಬರೆದರೆ ಯಾವುದೋ ಒಂದು ಸೇತುವೆ ಅಂತಾಗುತ್ತದೆ, ಅಲ್ವಾ? ಆಗಲೂ ಮೊದಲು ಸಿಕ್ಕಿದ್ದನ್ನೇ ದಾಟಿ ತಿರುಗುತ್ತಾರೆ.

ವಿರಾಜಪೇಟೆ_ಟೀಚರ್:
ಆ್ಯಪ್ ಹೇಳಿದ್ದು ಸರಿ, ನಿಮ್ಮ ಅನುಮಾನವೂ ಸರಿ. ಸೇತುವೆಯ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ 'ದಿ' ಹಾಕಿದರೆ "ನಾನು ಹೇಳುತ್ತಿರುವುದು ಯಾವುದು ಅಂತ ನಿಮಗೆ ಗೊತ್ತಾಗುತ್ತದೆ" ಎಂದು ಓದುವವರಿಗೆ ಮಾತು ಕೊಟ್ಟ ಹಾಗೆ. ಬರೆಯುವವರಿಗೆ ಗೊತ್ತಿದ್ದರೆ ಸಾಲದು. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಎರಡನೇ ಸೇತುವೆ. ಅವರು ಇರುವುದು ಒಂದೇ ಸೇತುವೆ ಅಂದುಕೊಂಡರು.

ಮೊದಲ ಸಲ, ಎರಡನೇ ಸಲ ಅನ್ನುವ ನಿಯಮ ಅರ್ಧ ದಾರಿಗೆ ಮಾತ್ರ ಆಗುತ್ತದೆ. "ಬ್ರೇಕ್‌ಫಾಸ್ಟ್ ಈಸ್ ಇನ್ ದಿ ಕಿಚನ್" ಅಂತ ಮೊದಲ ಮಾತಿನಲ್ಲೇ ಹೇಳಬಹುದು. ಮನೆಗೆ ಅಡುಗೆಮನೆ ಒಂದೇ, ಅದು ಎಲ್ಲರಿಗೂ ಗೊತ್ತು. ಸೂರ್ಯನಿಗೂ ಅದೇ ಕಾರಣಕ್ಕೆ 'ದಿ'.

ಕನ್ನಡ, ಕೊಡವ ತಕ್ಕ್, ಅರೆಭಾಷೆ, ಯಾವುದರಲ್ಲೂ 'ದಿ' ತರಹದ ಪದ ಇಲ್ಲ. ಆದರೆ ಆ ತಿಳಿವಳಿಕೆ ನಮ್ಮ ಮಾತಿನಲ್ಲೇ ಇದೆ. "ತೋಟದಲ್ಲಿ ಮರ ಕಡಿದ್ರು" ಅಂದರೆ ಯಾವುದೋ ಮರ. "ಮರಾನ ಕಡಿದ್ರು" ಅಂದರೆ? "ಅಯ್ಯೋ, ಆ ಮರಾನಾ!" ಅನ್ನುತ್ತೀರಿ. ಕೇಳುವವರಿಗೂ ಆ ಮರ ಗೊತ್ತು. ಇಂಗ್ಲಿಷಿನಲ್ಲಿ ಅಲ್ಲಿ 'ದಿ ಟ್ರೀ' ಬರುತ್ತದೆ. ಬರಹದಲ್ಲಿ ನಾವು 'ಅನ್ನು' ಸುಮ್ನೆ ಸೇರಿಸುವುದುಂಟು, ಅದಕ್ಕೆ ಬಾಯಲ್ಲಿ ಹೇಳಿ ನೋಡಿ. ಈ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ, ಆದರೂ ನನ್ನ ಮಕ್ಕಳಿಗೆ ಪುಸ್ತಕದ ನಿಯಮಗಳಿಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಈಗ ನಿಮ್ಮ ದಾರಿ: "ಕ್ರಾಸ್ ದಿ ಸೆಕೆಂಡ್ ಬ್ರಿಡ್ಜ್." ಎರಡನೆಯದು ಒಂದೇ ಇರುತ್ತದೆ, 'ದಿ' ಕೊಟ್ಟ ಮಾತು ಉಳಿಯುತ್ತದೆ. ಗೇಟ್ ಅವರು ನೋಡಿಯೇ ಇಲ್ಲ, ಅಲ್ಲಿ "ಎ ಗ್ರೀನ್ ಗೇಟ್" ಅನ್ನಿ. ಮುಂದಿನ ಸಾಲಿನಲ್ಲಿ "ಓಪನ್ ದಿ ಗೇಟ್".

ಮಡಿಕೇರಿ_ಚಳಿ:
ಓದುವಾಗ ಒಂದು ವಿಷಯ. ಬರೆಯುವುದು ಒಂದೇ ಆದರೂ ವ್ಯಂಜನದ ಸದ್ದಿಗೆ ಮೊದಲು 'ದ ಬ್ರಿಡ್ಜ್', ಸ್ವರದ ಸದ್ದಿಗೆ ಮೊದಲು 'ದಿ ಎಸ್ಟೇಟ್'. ಅಕ್ಷರ ನೋಡಬೇಡಿ, ಸದ್ದು ಕೇಳಿ. ಯೂನಿವರ್ಸಿಟಿಗೆ 'ದ'.

ಕಕ್ಕಬ್ಬೆ_ತೋಟ:
ಟೀಚರ್, ತುಂಬಾ ಉಪಕಾರವಾಯಿತು. ಮರದ ಮಾತು ಓದಿ ಅಮ್ಮನಿಗೂ ಹೇಳಿದೆ. ಇನ್ನೊಂದು ಕೇಳಲಾ? ಕಾಫಿಗೆ 'ದಿ' ಬೇಕಾ? ಊರು, ಬೆಟ್ಟ, ಹೊಳೆಗಳಿಗೆ?

ವಿರಾಜಪೇಟೆ_ಟೀಚರ್:
ಕೇಳಿ, ಅದಕ್ಕೇನಂತೆ. ಕಾಫಿ ನೆರಳಿನಲ್ಲಿ ಬೆಳೆಯುತ್ತದೆ ಅಂತ ಒಟ್ಟಾರೆ ಹೇಳುವಾಗ ಬೇಡ: "ಕಾಫಿ ಗ್ರೋಸ್ ಇನ್ ಶೇಡ್". ಅತಿಥಿಯ ಕೈಯಲ್ಲಿರುವ ಲೋಟದ ಕಾಫಿಯಾದರೆ ಬೇಕು: "ದಿ ಕಾಫಿ ಈಸ್ ಫ್ರಮ್ ಅವರ್ ಎಸ್ಟೇಟ್".

ಹೆಸರುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಬಾಯಿಪಾಠ ಬೇಕು. ನದಿಗೆ ಬರುತ್ತದೆ, 'ದಿ ಕಾವೇರಿ'. ಬೆಟ್ಟಗಳ ಸಾಲಿಗೆ ಬರುತ್ತದೆ, 'ದಿ ವೆಸ್ಟರ್ನ್ ಘಾಟ್ಸ್'. ಒಂಟಿ ಬೆಟ್ಟಕ್ಕೆ, ಊರಿಗೆ, ಜಲಪಾತದ ಹೆಸರಿಗೆ ಬೇಡ: ತಡಿಯಂಡಮೋಳ್, ಮಡಿಕೇರಿ, ಅಬ್ಬಿ ಫಾಲ್ಸ್. ಆದರೆ 1,748 ಮೀಟರಿನ ತಡಿಯಂಡಮೋಳನ್ನು ಹೊಗಳುವಾಗ "ದಿ ಹೈಯೆಸ್ಟ್ ಪೀಕ್ ಇನ್ ಕೊಡಗು" ಅನ್ನಲೇಬೇಕು. ಎಲ್ಲಕ್ಕಿಂತ ಎತ್ತರದ್ದು ಒಂದೇ ತಾನೇ?

ಕಕ್ಕಬ್ಬೆ_ತೋಟ:
ದಾರಿ ತಿದ್ದಿ ಕಳಿಸಿದೆ. ನಿನ್ನೆ ಬಂದವರು ಯಾರನ್ನೂ ಕೇಳದೆ ನೇರ ಗೇಟಿಗೆ ಬಂದರು! ಆದರೆ ಅಂಗಳದ ಬೋರ್ಡಿನಲ್ಲಿ "ದಿ ತಡಿಯಂಡಮೋಳ್ ಟ್ರೆಕ್ ಸ್ಟಾರ್ಟ್ಸ್ ಅಟ್ 6" ಅಂತ ಬರೆಸಿದ್ದೇನೆ. ಒಂಟಿ ಬೆಟ್ಟ ಅಲ್ವಾ, 'ದಿ' ಅಳಿಸಲಾ?

ವಿರಾಜಪೇಟೆ_ಟೀಚರ್:
ಅಳಿಸಬೇಡಿ. ಅಲ್ಲಿ 'ದಿ' ಸೇರಿದ್ದು ಟ್ರೆಕ್‌ಗೆ, ಬೆಟ್ಟಕ್ಕಲ್ಲ.