ಎಸ್‌ಇಎಂನಲ್ಲಿ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಬ್ಯಾಕ್ಟೀರಿಯಾ ಒಣದ್ರಾಕ್ಷಿ ಥರ ಕಾಣ್ತಿದೆ, ಏನು ಮಾಡೋದು?

ಪ್ರಶ್ನೆ: ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ಒಂದು ಸ್ಟ್ರೆಪ್ಟೊಮೈಸಿಸ್ ತಳಿಯ ಆಕಾರ ನೋಡಬೇಕು. ಪೆಲೆಟ್‌ಗೆ (ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕೆ ಕೂತ ಕೋಶಗಳ ಗುಡ್ಡೆ) ಫಾಸ್ಫೇಟ್ ಬಫರ್‌ನಲ್ಲಿ 2.5% ಗ್ಲುಟರಾಲ್ಡಿಹೈಡ್ ಹಾಕಿ ಫಿಕ್ಸ್ ಮಾಡಿ (ಕೋಶದ ರಚನೆ ಕೆಡದಂತೆ ಗಟ್ಟಿ ಮಾಡಿ), ನೀರು ತೆಗೆಯಲು ಎಥನಾಲ್ ಕೊಟ್ಟು, ಗಾಳಿಯಲ್ಲಿ ಒಣಗಿಸಿ, ಚಿನ್ನದ ಕೋಟಿಂಗ್ ಮಾಡಿಸಿದ್ದೆ. ಕೋಶಗಳೆಲ್ಲ ಕುಸಿದಿವೆ, ಮೇಲೆ ಹರಳು ಬೇರೆ. ಸಿಪಿಡಿ (ಕ್ರಿಟಿಕಲ್ ಪಾಯಿಂಟ್ ಡ್ರೈಯಿಂಗ್) ಯಂತ್ರ ನಮ್ಮಲ್ಲಿಲ್ಲ. ಗೊತ್ತಿರೋರು ಹೇಳಿ.

ಉತ್ತರ 1: ಗಾಳಿಯಲ್ಲಿ ಒಣಗಿಸಿದ್ದೇ ತಪ್ಪು. ದ್ರವ ಆರುತ್ತ ಕೋಶದ ಮೇಲಿಂದ ಇಳಿಯುವಾಗ ಮೇಲ್ಮೈ ಎಳೆತ ಗೋಡೆಯನ್ನು ಅಪ್ಪಚ್ಚಿ ಮಾಡುತ್ತದೆ. ಸಿಪಿಡಿಯಲ್ಲಿ ಇಂಗಾಲದ ಡೈಆಕ್ಸೈಡ್ 31 ಡಿಗ್ರಿ, 74 ಬಾರ್ ದಾಟುವುದರಿಂದ ದ್ರವ, ಅನಿಲ ಎಂಬ ಗಡಿಯೇ ಉಳಿಯಲ್ಲ. ಯಂತ್ರ ಇಲ್ಲದಿದ್ದರೆ ಎಚ್‌ಎಂಡಿಎಸ್ (ಹೆಕ್ಸಾಮೀಥೈಲ್‌ಡೈಸಿಲಜೇನ್, ಮೇಲ್ಮೈ ಎಳೆತ ಕಡಿಮೆ ಇರುವ ದ್ರವ) ಬಳಸಿ. ಎಥನಾಲ್ 30, 50, 70, 90, 95%, ತಲಾ 10 ನಿಮಿಷ. 100% ಮೂರು ಸಲ. ಆಮೇಲೆ ಎಥನಾಲ್ ಮತ್ತು ಎಚ್‌ಎಂಡಿಎಸ್ ಸಮಪಾಲು 15 ನಿಮಿಷ, ಬರೀ ಎಚ್‌ಎಂಡಿಎಸ್ ಎರಡು ಸಲ. ಕೊನೆಯದನ್ನು ಗಾಜಿನ ಪೆಟ್ರಿಯಲ್ಲಿ, ಮುಚ್ಚಳ ಸ್ವಲ್ಪ ಓರೆ ಮಾಡಿ, ಫ್ಯೂಮ್ ಹುಡ್‌ನಲ್ಲಿ ರಾತ್ರಿಯಿಡೀ ಆರಲು ಬಿಡಿ. 100% ಎಥನಾಲ್ ಹೊಸ ಬಾಟಲಿಯದೇ ಆಗಿರಲಿ. ತೆರೆದಿಟ್ಟದ್ದು ತೇವ ಎಳೆದುಕೊಂಡಿರುತ್ತದೆ, ಎಚ್‌ಎಂಡಿಎಸ್‌ಗೆ ನೀರು ಆಗಿಬರಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಕವರ್‌ಸ್ಲಿಪ್ (ಕೋಶ ಕೂರಿಸಿದ ತೆಳು ಗಾಜು) ಅರೆಕ್ಷಣವೂ ಒಣಗಬಾರದು.

ಉತ್ತರ 2: ಹರಳು ಬಹುತೇಕ ಬಫರ್‌ನ ಉಪ್ಪು. ಫಿಕ್ಸ್ ಆದಮೇಲೆ ಬಫರ್‌ನಲ್ಲಿ ಮೂರು ಸಲ, ಕೊನೆಗೆ ಡಿಸ್ಟಿಲ್ಡ್ ನೀರಲ್ಲಿ ಎರಡು ಸಲ ತೊಳೆದ ಮೇಲೇ ಎಥನಾಲ್‌ಗೆ ಹೋಗಿ. ಫಾಸ್ಫೇಟ್ ಎಥನಾಲ್‌ನಲ್ಲಿ ಕರಗದೆ ಅಲ್ಲೇ ಕೂರುತ್ತದೆ. ಮೀಡಿಯಾ ತೊಳೆಯದೆ ಫಿಕ್ಸ್ ಮಾಡಿದರೆ ಪೆಪ್ಟೋನ್ ಕೂಡ ಕೋಶದ ಮೇಲೆ ಪದರವಾಗಿ ಅಂಟುತ್ತದೆ, ಅದನ್ನು ಕ್ಯಾಪ್ಸೂಲ್ (ಕೋಶದ್ದೇ ಹೊರಕವಚ) ಅಂದುಕೊಂಡು ಬರೆದುಬಿಡುವವರಿದ್ದಾರೆ! ಪೆಲೆಟ್ ಯಾಕೆ? ಕೋಶ ಒಂದರ ಮೇಲೊಂದು ಬಿದ್ದಿರುತ್ತದೆ. ಕೋಶ ಅಂಟಿಕೊಳ್ಳಲು 0.1% ಪಾಲಿ-ಎಲ್-ಲೈಸಿನ್ ಹಚ್ಚಿದ ಕವರ್‌ಸ್ಲಿಪ್ ಮೇಲೆ ತೆಳು ಸಸ್ಪೆನ್ಷನ್ ಒಂದು ಹನಿ, 20–30 ನಿಮಿಷ ಕೂರಿಸಿದರೆ ಸಾಕು.

ಉತ್ತರ 3: ಸ್ಟ್ರೆಪ್ಟೊಮೈಸಿಸ್‌ಗೆ ಇದ್ಯಾವುದೂ ಬೇಡ, ದಯವಿಟ್ಟು ಸೆಂಟ್ರಿಫ್ಯೂಜ್ ಮಾಡಬೇಡಿ. ಬೀಜಕಗಳ ಸರಪಳಿ ಸುರುಳಿಯೋ, ನೇರವೋ ಅನ್ನುವುದೇ ಇಲ್ಲಿ ನೋಡಬೇಕಾದ್ದು. ಅದು ಮುರಿದರೆ ಉಳಿಯುವುದೇನು? ಐಎಸ್‌ಪಿ-4 ಅಗಾರ್‌ನಲ್ಲಿ (ಸ್ಟ್ರೆಪ್ಟೊಮೈಸಿಸ್ ಬೆಳೆಸುವ ಮೀಡಿಯಾ) ಕವರ್‌ಸ್ಲಿಪ್ಪನ್ನು 45 ಡಿಗ್ರಿ ಓರೆಯಾಗಿ ಚುಚ್ಚಿ, ಅಂಚಿನ ಉದ್ದಕ್ಕೂ ಇನಾಕ್ಯುಲೇಟ್ ಮಾಡಿ 28 ಡಿಗ್ರಿಯಲ್ಲಿ 10–14 ದಿನ ಬೆಳೆಸಿ. ಏರಿಯಲ್ ಹೈಫಾ (ಗಾಳಿಗೆ ಚಾಚುವ ಎಳೆಗಳು) ಗಾಜಿಗೆ ಹತ್ತಿರುತ್ತದೆ. ಮೆಲ್ಲಗೆ ಎಳೆದು ಒಣಗಿಸಿ ಸ್ಟಬ್‌ಗೆ (ಮಾದರಿ ಕೂರಿಸುವ ಲೋಹದ ಪೀಠ) ಅಂಟಿಸಿ. ಬೀಜಕದ ಮೇಲ್ಮೈ ನೀರು ಹಿಡಿಯದ್ದಾದ್ದರಿಂದ ಗಾಳಿಯಲ್ಲಿ ಒಣಗಿದರೂ ಅಷ್ಟಾಗಿ ಕುಸಿಯಲ್ಲ. ಆಸ್ಮಿಯಂ ಟೆಟ್ರಾಕ್ಸೈಡ್ ಆವಿ ಕೊಟ್ಟರೆ ಇನ್ನೂ ಗಟ್ಟಿ, ಆದರೆ ಕಣ್ಣಿಗೆ ಅಪಾಯ, ಹುಡ್ ಬಿಟ್ಟು ಹೊರಗೆ ಮುಟ್ಟಲೇಬೇಡಿ.

ಕೋಟಿಂಗ್ 5–10 ನ್ಯಾನೊಮೀಟರ್ ಸಾಕು ಅಂತ ಆಪರೇಟರ್‌ಗೆ ಮೊದಲೇ ಹೇಳಿ. ದಪ್ಪ ಬಳಿದರೆ ಮುಳ್ಳಿನ ಬೀಜಕವೂ ನುಣುಪಾಗಿ ಕಾಣುತ್ತದೆ.

ಉತ್ತರ 4: ವೋಲ್ಟೇಜ್ ಬಗ್ಗೆ ಯಾರೂ ಹೇಳಲಿಲ್ಲ. ಫೀಲ್ಡ್ ಎಮಿಷನ್ ಎಸ್‌ಇಎಂ ಆದರೆ 3–5 ಕೆವಿ (ಕಿಲೋವೋಲ್ಟ್) ಕೇಳಿ. 15 ಕೆವಿಯಲ್ಲಿ ಎಲೆಕ್ಟ್ರಾನ್ ಆಳಕ್ಕಿಳಿದು ಮೇಲ್ಮೈಯ ಸಣ್ಣ ಗುರುತು ಮಾಯ. ಚಿತ್ರ ಜಾರುತ್ತಿದ್ದರೆ, ಬಿಳಿ ಪಟ್ಟೆ ಬರುತ್ತಿದ್ದರೆ ಚಾರ್ಜಿಂಗ್ (ಮಾದರಿಯ ಮೇಲೆ ವಿದ್ಯುದಾವೇಶ ಸೇರಿಕೊಳ್ಳುವುದು): ಕೋಟಿಂಗ್‌ಗೆ ಮುಂಚೆ ಕವರ್‌ಸ್ಲಿಪ್ ಅಂಚಿನಿಂದ ಸ್ಟಬ್‌ವರೆಗೆ ಸಿಲ್ವರ್ ಪೇಂಟ್ ಎಳೆದಿರಬೇಕು.

ಬ್ಯಾಸಿಲಸ್‌ನ ಫ್ಲಜೆಲ್ಲಾ (ಈಜಲು ಬಳಸುವ ಸಣ್ಣ ಎಳೆಗಳು) ಬೇಕಿದ್ದರೆ ಎಸ್‌ಇಎಂ ನಂಬಬೇಡಿ. ಟಿಇಎಂ (ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಗ್ರಿಡ್‌ನಲ್ಲಿ 1% ಫಾಸ್ಫೊಟಂಗ್‌ಸ್ಟಿಕ್ ಆಮ್ಲ, ಪಿಎಚ್ 7, ಅರ್ಧ ನಿಮಿಷ, ಫಿಲ್ಟರ್ ಪೇಪರ್‌ನಿಂದ ಹೀರಿ ನೋಡಿ. ವೋರ್ಟೆಕ್ಸ್ ಮಾಡಿದರೆ ಫ್ಲಜೆಲ್ಲಾ ಮುರಿಯುತ್ತವೆ, ಟ್ಯೂಬ್ ಕೈಯಲ್ಲೇ ಅಲುಗಿಸಿ.