ತಾರಸಿಯ ಹೀರೆ ಬಳ್ಳಿಯಲ್ಲಿ ಹೀಚು ನಿಲ್ಲುತ್ತಿಲ್ಲ

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮೂರನೆಯ ಮಹಡಿಯ ತಾರಸಿಯಲ್ಲಿ ಎರಡು ದೊಡ್ಡ ಚೀಲಗಳಲ್ಲಿ ಹೀರೆ ಹಾಕಿದ್ದೇನೆ. ಬೀಜ ಹೆಸರುಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಮೀತ್ ತಳಿಯದು. ಜೂನ್ ಕೊನೆಯಲ್ಲಿ ಬಿತ್ತಿದ್ದು, ಈಗ ಎರಡು ತಿಂಗಳಾಗಿ ಬಳ್ಳಿ ಚಪ್ಪರದ ತುಂಬ ಹಬ್ಬಿದೆ. ಎಲೆಗಳು ಅಂಗೈಗಿಂತ ಅಗಲವಾಗಿ ಕಡುಹಸಿರಾಗಿವೆ. ಆದರೆ ಈವರೆಗೆ ಅಡುಗೆಗೆ ಒಂದೇ ಒಂದು ಕಾಯಿಯೂ ಸಿಕ್ಕಿಲ್ಲ. ಗೊಂಚಲಿನಲ್ಲಿ ಬರುವ ಹೂವುಗಳೆಲ್ಲ ಉದುರುತ್ತವೆ. ಬುಡದಲ್ಲಿ ಪುಟ್ಟ ಹೀಚು ಇರುವ ಹೂವುಗಳು ವಾರಕ್ಕೆ ಮೂರೋ ನಾಲ್ಕೋ ಬರುತ್ತವೆ. ಅವುಗಳ ಹೀಚೂ ಬೆರಳುದ್ದವಾಗುವಷ್ಟರಲ್ಲಿ ಹಳದಿಗೆ ತಿರುಗಿ ಕಳಚಿ ಬೀಳುತ್ತದೆ. ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಕುಂಚದಿಂದ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ತಪ್ಪದೆ ಮುಟ್ಟಿಸುತ್ತಿದ್ದೇನೆ. ಕಳೆದ ವರ್ಷ ಕುಂಬಳಕ್ಕೆ ಹೀಗೆಯೇ ಮಾಡಿ ಆರು ಕಾಯಿ ಪಡೆದಿದ್ದೆ. ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನೂ ಕೊಡುತ್ತಿದ್ದೇನೆ. ನಾನು ಎಲ್ಲಿ ತಪ್ಪುತ್ತಿದ್ದೇನೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬೆಂಗಳೂರಿನಿಂದ)

ಬಳ್ಳಿಯ ತುದಿಯನ್ನು ಚಿವುಟಿ ನೋಡಿ. ಕವಲು ಒಡೆದರೆ ಹೆಣ್ಣು ಹೂವುಗಳ ಸಂಖ್ಯೆ ಹೆಚ್ಚುತ್ತದೆ. ನಮ್ಮಲ್ಲಿ ಸೋರೆಗೆ ಇದರಿಂದ ಒಳ್ಳೆಯ ಫಲ ಸಿಕ್ಕಿದೆ.

ಉತ್ತರ 2 (ಶಿರಸಿಯಿಂದ)

ಚಿವುಟುವುದು ತಪ್ಪಲ್ಲ, ಆದರೆ ಇಲ್ಲಿ ಮೊದಲ ಕೆಲಸ ಅದಲ್ಲ ಎಂದು ನನಗೆ ಅನ್ನಿಸುತ್ತದೆ. ಇರುವ ಹೆಣ್ಣು ಹೂವುಗಳೇ ಕಾಯಿ ಕಟ್ಟದಿರುವಾಗ ಇನ್ನಷ್ಟು ಹೂವು ಬಂದರೂ ಉದುರುವುದಷ್ಟೇ ಹೆಚ್ಚುತ್ತದೆ.

ನಿಮ್ಮ ಶ್ರದ್ಧೆಯಲ್ಲಿ ಕೊರತೆಯಿಲ್ಲ, ತಪ್ಪಿರುವುದು ಹೊತ್ತು. ಕುಂಬಳ, ಹಾಗಲ, ಸೌತೆ, ತುಪ್ಪದ ಹೀರೆ ಇವೆಲ್ಲ ಬೆಳಗಿನ ಹೂವುಗಳು. ಏಣುಗಳಿರುವ ನಮ್ಮ ಸಾಮಾನ್ಯ ಹೀರೆ ಹಾಗಲ್ಲ. ಸೋರೆ ಮತ್ತು ಪಡವಲದಂತೆ ಅದು ಬಿಸಿಲು ಇಳಿದ ಮೇಲೆ ಅರಳುತ್ತದೆ. ಸಂಜೆ ಐದರ ನಂತರ ಚಪ್ಪರದ ಕೆಳಗೆ ನಿಂತರೆ ಹಳದಿ ದಳಗಳು ಬಿಚ್ಚಿಕೊಳ್ಳುವುದನ್ನು ನೀವೇ ನೋಡಬಹುದು, ಮತ್ತು ಒಂದು ಸಲವಾದರೂ ನೋಡಲೇಬೇಕು. ಬೆಳಿಗ್ಗೆ ಏಳಕ್ಕೆ ನಿಮಗೆ ಸಿಗುವುದು ಹಿಂದಿನ ಸಂಜೆ ಅರಳಿ ಬಾಡತೊಡಗಿದ ಹೂವು, ಅದರ ಪರಾಗವೂ ಹಳೆಯದು. ನಮ್ಮ ತೋಟದಲ್ಲಿ ತುಡುವೆ ಜೇನು ಗೂಡಿಗೆ ಮರಳುವ ಮುನ್ನ ಹೀರೆಯ ಹೂವಿಗೆ ಬಂದು ಹೋಗುತ್ತದೆ, ಕತ್ತಲಾದ ಮೇಲೆ ಪತಂಗಗಳು ಬರುತ್ತವೆ. ಮೂರನೆಯ ಮಹಡಿಯವರೆಗೆ ಅವು ಹೆಚ್ಚಾಗಿ ಬರಲಾರವು, ಆದ್ದರಿಂದ ಆ ಕೆಲಸವನ್ನು ನೀವೇ ಮಾಡಬೇಕಾಗುತ್ತದೆ.

ಕುಂಚವನ್ನು ಬಿಡಿ. ಆಗಷ್ಟೇ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಿಸಿ, ಕೇಸರಗಳನ್ನೇ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒತ್ತಿ. ಅಲ್ಲಿ ಪರಾಗವನ್ನು ಹಿಡಿಯುವ ತುದಿ, ಅಂದರೆ ಶಲಾಕಾಗ್ರ, ಮೂರು ಹೋಳಾಗಿರುತ್ತದೆ. ಮೂರಕ್ಕೂ ಪರಾಗ ತಾಗಬೇಕು, ಇಲ್ಲವಾದರೆ ಕಾಯಿ ನಿಂತರೂ ಕೊಂಕಾಗಿ ಬೆಳೆಯಬಹುದು. ಒಂದು ಹೆಣ್ಣು ಹೂವಿಗೆ ಎರಡು ಗಂಡು ಹೂವು ಬಳಸಿದರೆ ಒಳ್ಳೆಯದು. ಗೊಂಚಲಿನ ಹೂವುಗಳು ಉದುರುವುದಕ್ಕೆ ನೊಂದುಕೊಳ್ಳಬೇಡಿ. ಅವೆಲ್ಲ ಗಂಡು ಹೂವುಗಳು, ಒಂದು ದಿನದ ಕೆಲಸ ಮುಗಿಸಿ ಉದುರುವುದೇ ಅವುಗಳ ಸಹಜ ಗತಿ.

ಇನ್ನು ಹಿಂಡಿ ನೀರು. ನೀವು ಹೇಳಿದ ಕಡುಹಸಿರು ಎಲೆ ಸಾರಜನಕ ಹೆಚ್ಚಾದುದರ ಗುರುತು. ಅದು ಬಳ್ಳಿಯನ್ನು ಸೊಕ್ಕಿಸುತ್ತದೆಯೇ ಹೊರತು ಹೆಣ್ಣು ಹೂವನ್ನು ತರುವುದಿಲ್ಲ. ಒಂದು ತಿಂಗಳು ನಿಲ್ಲಿಸಿ.

ಉತ್ತರ 3 (ದಾವಣಗೆರೆಯಿಂದ)

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಉದುರಿದ ಹೀಚನ್ನು ಎಸೆಯುವ ಮುನ್ನ ಸೀಳಿ ನೋಡಬೇಕು. ಒಳಗೆ ಹುಳುವಿಲ್ಲದೆ ಒಣಗಿದ್ದರೆ ಪರಾಗ ಸೇರಿಲ್ಲವೆಂದು ತಿಳಿಯಬಹುದು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂತಹ ಗುರುತು, ಅದರಿಂದ ಒಸರಿದ ಅಂಟು, ಒಳಗೆ ಬಿಳಿ ಹುಳುಗಳಿದ್ದರೆ ಅದು ಹಣ್ಣುನೊಣದ ಕೆಲಸ. ಇದಕ್ಕೆ ಕ್ಯೂ ಲ್ಯೂರ್ ಎಂಬ, ನೊಣವನ್ನು ವಾಸನೆಯಿಂದ ಸೆಳೆಯುವ ವಸ್ತು ಇರುವ ಬಲೆ ಬೇಕು. ಮಾವಿಗೆ ಬಳಸುವ ಮೀಥೈಲ್ ಯುಜಿನಾಲ್ ಬಲೆಗೆ ಈ ಬಳ್ಳಿಗಳ ನೊಣ ಬರುವುದಿಲ್ಲ, ಆದರೂ ಅನೇಕರು ಅದನ್ನೇ ಕಟ್ಟಿ ನೊಣ ಬೀಳಲಿಲ್ಲವೆಂದು ಕೊರಗುತ್ತಾರೆ. ಸರಿಯಾದ ಬಲೆಯೂ ಗಂಡು ನೊಣಗಳನ್ನಷ್ಟೇ ಸೆಳೆಯುತ್ತದೆ. ಆದ್ದರಿಂದ ಪರಾಗ ಮುಟ್ಟಿಸಿದ ಎರಡನೆಯ ದಿನ ಹೀಚಿಗೆ ಕಾಗದದ ಚೀಲ ತೊಡಿಸುವುದು ಎರಡು ಬಳ್ಳಿಯಿರುವವರಿಗೆ ಇನ್ನೂ ಖಚಿತವಾದ ದಾರಿ. ಹುಳುಬಿದ್ದ ಕಾಯಿಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಹುಳುಗಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣಗಳಾಗಿ ಏಳುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿನಲ್ಲಿಡಿ.

ಪ್ರಶ್ನೆ ಕೇಳಿದವರು, ಎರಡು ವಾರದ ನಂತರ

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಉದುರಿದ್ದ ಮೂರು ಹೀಚುಗಳನ್ನು ಸೀಳಿದಾಗ ಎರಡರಲ್ಲಿ ಏನೂ ಇರಲಿಲ್ಲ, ಒಂದರಲ್ಲಿ ಹುಳುಗಳಿದ್ದವು. ಸಂಜೆ ಆರರ ಹೊತ್ತಿಗೆ ಐದು ಹೂವುಗಳಿಗೆ ಪರಾಗ ಮುಟ್ಟಿಸಿ ಚೀಲ ತೊಡಿಸಿದೆ, ನಾಲ್ಕು ನಿಂತಿವೆ. ಮೊದಲನೆಯದನ್ನು ಒಂಬತ್ತನೆಯ ದಿನ ಕೊಯ್ದು ಬೋಳುಹುಳಿ ಮಾಡಿದೆವು, ಸಿಪ್ಪೆ ಚಟ್ನಿಗಾಯಿತು. ಒಂದು ಕಾಯಿ ತುದಿಯಲ್ಲಿ ಸಪೂರವಾಗಿ ಕೊಂಕಿದೆ. ಆ ಸಂಜೆ ಮಳೆ ಬಂದದ್ದರಿಂದ ಅವಸರದಲ್ಲಿ ಒಂದೇ ಗಂಡು ಹೂವನ್ನು ಬಳಸಿದ್ದೆ. ಮುಂದಿನ ವರ್ಷದ ಬೀಜಕ್ಕಾಗಿ ಈಗಲೇ ಒಂದು ಕಾಯಿಯನ್ನು ಬಿಡಬಹುದೇ?

ಉತ್ತರ 4 (ಶಿರಸಿಯಿಂದ)

ಈಗಲೇ ಬೇಡ. ಬೀಜದ ಕಾಯಿ ಬಲಿಯತೊಡಗಿದರೆ ಬಳ್ಳಿಯ ಶಕ್ತಿ ಅದಕ್ಕೇ ಹೋಗಿ ಹೊಸ ಹೀಚುಗಳು ಕಡಿಮೆಯಾಗುತ್ತವೆ. ಇನ್ನೊಂದು ತಿಂಗಳು ಎಳೆಯದಾಗಿಯೇ ಕೊಯ್ಯುತ್ತಿರಿ. ಆಮೇಲೆ ನೆಟ್ಟಗೆ ಬೆಳೆದ ಒಂದು ಕಾಯಿಯನ್ನು ಗುರುತುಮಾಡಿ, ಅದು ಕಂದುಬಣ್ಣಕ್ಕೆ ತಿರುಗಿ, ಅಲುಗಿಸಿದಾಗ ಒಳಗಿನ ಬೀಜ ಸದ್ದು ಮಾಡುವವರೆಗೆ ಬಳ್ಳಿಯಲ್ಲಿಯೇ ಬಿಡಿ.